ಲಾಂಜೆಲ್ ಮುಂದೆ ನಡೆಯಲಿ

ವರ್ನೀಸ್ ಗಂಡನ ಟೈ ಗಂಟನ್ನು ಮತ್ತೆ ಬಿಚ್ಚಿದಳು. ಶವಸಂಸ್ಕಾರ ನಡೆಸುವ ಪೆಟವೇ ಕಟ್ಟಿದ್ದ ಗಂಟು ತೀರಾ ನೆಟ್ಟಗಿತ್ತು. ಕ್ಲಿಯೋ ತಾನೇ ಕಟ್ಟಿಕೊಂಡರೆ ಅದು ಯಾವಾಗಲೂ ಎಡಕ್ಕೆ ಒಂದಿಷ್ಟು ವಾಲುತ್ತಿತ್ತು. ಮದುವೆಯಾದ ಲಾಗಾಯ್ತು ಪ್ರತಿ ಭಾನುವಾರ ಅದನ್ನು ಸರಿ ಮಾಡಿ ಮಾಡಿ ಸಾಕಾಗಿದ್ದವಳು ಇವತ್ತು ಬೇಕೆಂದೇ ಎಡಕ್ಕೆ ವಾಲಿಸಿ ಕಟ್ಟಿದಳು. ಶವಪೆಟ್ಟಿಗೆಯಿಂದ ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು.

"ಈಗ ನೋಡು, ನನ್ನ ಗಂಡನ ಥರ ಕಾಣ್ತಿದಾನೆ. ಇಷ್ಟೊತ್ತೂ ಇನ್ಶೂರೆನ್ಸ್ ಮಾರೋಕೆ ಬಂದೋನ ಹಾಗಿದ್ದ."

ಗೋಡೆಗೆ ಒರಗಿದ ಕುರ್ಚಿಯಲ್ಲಿ ಕೂತಿದ್ದ ಒಡೆಸ್ಸಾ ಕರ್ಚೀಫಿನೊಳಗೇ ನಕ್ಕಳು. ಅವಳು ಕ್ಲಿಯೋನ ಅಕ್ಕ. ತಮ್ಮ ತೀರಿಕೊಂಡಾಗಿನಿಂದ ಅತ್ತದ್ದಕ್ಕಿಂತ ಜನರನ್ನು ಗದರಿದ್ದೇ ಹೆಚ್ಚು.

ಪೆಟವೇ ಕೆಮ್ಮಿದ. ಅವನ ಅಜ್ಜನ ಕಾಲದಿಂದಲೂ ಟ್ಯಾಲೋ ಬೆಂಡ್ ಊರಿನ ಕರಿಯರನ್ನು ಮಣ್ಣು ಮಾಡುತ್ತಿರುವುದು ಅವರ ಮನೆತನವೇ. ಕೆಮ್ಮಿದರೂ ಗೌರವದಿಂದಲೇ ಕೆಮ್ಮುತ್ತಾನೆ.

"ಸಿಸ್ಟರ್ ವರ್ನೀಸ್, ಒಂದು ಮಾತಿತ್ತು."

"ಹೂವಿನ ವಿಷಯಾನಾ?"

"ಅಲ್ಲ. ಹೋದ ಈಸ್ಟರ್‌ಗೆ ಮುಂಚೆ ಬ್ರದರ್ ಕ್ಲಿಯೋ ಬಂದು ಪೆಟ್ಟಿಗೆ ಆರಿಸಿ ಹೋಗಿದ್ರಲ್ಲ, ಅವತ್ತು ಇನ್ನೊಂದು ಕೇಳ್ಕೊಂಡ್ರು. ಪೆಟ್ಟಿಗೆ ಚರ್ಚಿನೊಳಗೆ ಹೋಗೋವಾಗ ಮುಂದೆ ನಾನು ನಡೀಬಾರದಂತೆ."

ಪೆಟ್ಟಿಗೆಯ ಮುಂದೆ ಟೋಪಿಯನ್ನು ಎದೆಗೆ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಾ ನಡೆಯುವುದು ಪೆಟವೇ ಮನೆಯವರ ಹಕ್ಕು. ಅದನ್ನು ಇವತ್ತಿನವರೆಗೆ ಯಾರೂ ಕೇಳಿ ಕಿತ್ತುಕೊಂಡಿರಲಿಲ್ಲ.

"ನೀನಲ್ಲದೆ ಮತ್ಯಾರು ನಡೀಬೇಕಂತೆ?"

"ಲಾಂಜೆಲ್ ಮುಂದೆ ನಡೀಲಿ ಅಂದ್ರು. ಲಾಂಜೆಲ್ ಟಿಬ್ಸ್. ಅವರು ಬೆಳಿಗ್ಗೆಯೇ ಬಂದಿದಾರೆ. ಮುಂದಿನ ಕೋಣೆಯಲ್ಲಿ ಕೂತಿದಾರೆ."

ಒಡೆಸ್ಸಾ ಎದ್ದು ನಿಂತಳು. "ಯಾರು? ಆ ಟಿಬ್ಸಾ? ಅವನಿಗೆ ಮುಖ ಆದ್ರೂ ಎಲ್ಲಿದೆ ಇಲ್ಲಿಗೆ ಬರೋಕೆ?"

ವರ್ನೀಸ್ ಪೆಟ್ಟಿಗೆಯ ಕಡೆ ತಿರುಗಿದಳು. ಆ ಹೆಸರು ಅವಳ ಮನೆಯ ಹೊಸ್ತಿಲೊಳಗೆ ಕೇಳಿ ಮೂವತ್ತು ವರ್ಷದ ಮೇಲಾಗಿತ್ತು. ಕ್ಲಿಯೋನ ಕಾಲು ಮುರಿದದ್ದೂ ಅನ್ನ ಕಿತ್ತುಕೊಂಡದ್ದೂ ಆ ಮನುಷ್ಯನ ಒಂದು ಮಾತು. ಹಾಗಂತ ಅವಳಿಗೆ ಹೇಳಿದ್ದವನು ಕ್ಲಿಯೋನೇ. ಒಮ್ಮೆ ಆ ಲಾಂಜೆಲ್ ಒಂದು ಚೀಲ ಪೆಕಾನ್ ಬೀಜ ಹೊತ್ತುಕೊಂಡು ಮನೆಗೇ ಬಂದಿದ್ದ. ಅವಳು ಜಾಲರಿ ಬಾಗಿಲನ್ನೂ ತೆಗೆಯದೆ ಅಲ್ಲಿಂದಲೇ ಅಟ್ಟಿದ್ದಳು. ಆಗ ಒಳಗೆ ಕೂತಿದ್ದ ಕ್ಲಿಯೋ ತುಟಿ ಬಿಚ್ಚಿರಲಿಲ್ಲ. ಅಂಥವನು ಈಗ ಸತ್ತು ಮಲಗಿಕೊಂಡು ಇದನ್ನು ಕೇಳುತ್ತಿದ್ದಾನೆ.

ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯವಾಗಿತ್ತು. ನಲವತ್ತು ವರ್ಷ ಜೊತೆಯಲ್ಲಿ ಬಾಳಿದವನ ಹೊಟ್ಟೆಯಲ್ಲಿ ತನಗೆ ಗೊತ್ತಿಲ್ಲದ್ದು ಏನೋ ಇತ್ತಲ್ಲ ಎಂದು.

"ಏನು ಮಾಡ್ಲಿ, ಸಿಸ್ಟರ್?" ಎಂದ ಪೆಟವೇ.

"ಪೆಟ್ಟಿಗೆ ಚರ್ಚ್ ಬಾಗಿಲಿಗೆ ಬರೋ ಹೊತ್ತಿಗೆ ಹೇಳ್ತೀನಿ. ಅಲ್ಲೀವರೆಗೂ ಕೂತಿರ್ಲಿ ಅವನು."

"ಇದರಲ್ಲಿ ಹೇಳೋದೇನಿದೆ? ಆಗಲ್ಲ ಅನ್ನು, ಮುಗೀತು," ಎಂದು ಒಡೆಸ್ಸಾ ಗದರಿದಳು.

"ಯಾಕೆ ಕೇಳಿದಾನೆ ಅಂತ ತಿಳಿದ ಮೇಲೆ ಆಗಲ್ಲ ಅಂತೀನಿ," ಎಂದಳು ವರ್ನೀಸ್.

*

ಮದುವೆಗೆ ಮುಂಚೆ ಕ್ಲಿಯೋ ಊಟಕ್ಕೆ ಬಂದ ದಿನ ವರ್ನೀಸಳ ಅಮ್ಮ ನೇರವಾಗಿ ಕೇಳಿದ್ದರು, ನಿನ್ನ ಕೆಲಸ ಏನಪ್ಪಾ ಎಂದು.

"ಚೆಂಡು ಹಿಡಿಯೋದು, ಅಮ್ಮಾ."

"ಹಿಡಿದು?"

"ಓಡೋದು."

"ಎಲ್ಲೀವರೆಗೆ?"

"ಅವರು ನನ್ನ ಕೆಡವೋವರೆಗೆ."

"ಇದಕ್ಕೆ ಸಂಬಳ ಬೇರೆ ಕೊಡ್ತಾರಾ?"

ಆಗ ಕ್ಲಿಯೋ ಮೇಜಿನ ಮೇಲಿನ ಸಾಮಾನುಗಳನ್ನೆಲ್ಲ ಸರಿಸಿ ಅಮೆರಿಕನ್ ಫುಟ್‌ಬಾಲಿನ ಮೈದಾನ ಮಾಡಿದ್ದ. ಆ ಕಡೆಯವರು ಚೆಂಡನ್ನು ಇಲ್ಲಿಂದ ಒದೀತಾರೆ. ಅದು ಆಕಾಶಕ್ಕೆ ಹೋಗುತ್ತೆ. ಅದರ ಕೆಳಗೇ ಅವರ ಹನ್ನೊಂದು ಜನ ನನ್ನ ಕಡೆ ಓಡಿ ಬರ್ತಾರೆ. ನಾನು ಈ ತುದಿಯಲ್ಲಿರ್ತೀನಿ, ಎನ್ನುತ್ತಾ ಉಪ್ಪಿನ ಡಬ್ಬಿಯನ್ನು ಮೇಜಿನ ಅಂಚಿಗೆ ಇಟ್ಟ. ಅದರ ಮುಂದೆ ನಾಲ್ಕು ಬಿಸ್ಕತ್ತು ಒತ್ತಾಗಿ ಜೋಡಿಸಿದ. ಇವರು ನಮ್ಮ ಕಡೆಯ ದಡಿಯರು, ಕೈ ಕೈ ಹಿಡ್ಕೊಂಡು ನನ್ನ ಮುಂದೆ ಗೋಡೆ ಥರ ಓಡ್ತಾರೆ, ನಾನು ಅವರ ಬೆನ್ನಿಗೆ ಅಂಟಿಕೊಂಡು ಓಡ್ತೀನಿ.

"ಈ ಮೆಣಸಿನ ಡಬ್ಬಿ ಯಾರು? ನಿನ್ನ ಪಕ್ಕದಲ್ಲೇ ಇಟ್ಟಿದೀಯಲ್ಲ?"

"ಅದು ಲಾಂಜೆಲ್. ನಾನು ಚೆಂಡನ್ನೇ ನೋಡ್ತಿರ್ತೀನಲ್ಲ, ಎದುರಿಗೆ ಯಾರು ಎಷ್ಟು ಹತ್ರ ಬಂದ್ರು ಅಂತ ನಂಗೆ ಕಾಣಲ್ಲ. ಅದನ್ನ ಅವನು ನೋಡ್ತಾನೆ. ಚೆಂಡು ಈ ಗೆರೆ ದಾಟಿ ನಮ್ಮ ಹಿಂದಿನ ಪಟ್ಟಿಯೊಳಗೆ ಬಿದ್ರೆ ನಾನು ಒಂದು ಮಂಡಿ ಊರಬಹುದು. ಊರಿದ್ರೆ ಯಾರೂ ಮುಟ್ಟೋ ಹಾಗಿಲ್ಲ, ಚೆಂಡನ್ನ ತಂದು ಇಲ್ಲಿ ಮುಂದೆ ಇಡ್ತಾರೆ, ಆಟ ಅಲ್ಲಿಂದ ಶುರು. ಮಂಡಿ ಊರೋದಾ, ಓಡೋದಾ ಅಂತ ಹೇಳೋನು ಲಾಂಜೆಲ್. ಎರಡೂ ಕೈ ಅಗಲಕ್ಕೆ ಚಾಚಿ 'ನಿಲ್ಲು' ಅಂತಾನೆ. ಇಲ್ಲದಿದ್ರೆ 'ಹೋಗು' ಅಂತಾನೆ. ಅಂದಮೇಲೆ ಅವನೇ ನನಗಿಂತ ಮುಂದೆ ಓಡಿ, ಅಡ್ಡ ಬಂದೋನಿಗೆ ಎದೆ ಕೊಡ್ತಾನೆ."

"ಅಂದ್ರೆ ತಲೆ ಇರೋನು ಅವನು," ಎಂದರು ಅಮ್ಮ.

"ಹೌದಮ್ಮಾ. ನಂಗೆ ಕಾಲು ಮಾತ್ರ."

"ಹಾಗಾದ್ರೆ ಯಾವಾಗ್ಲೂ ಮಂಡಿ ಊರಪ್ಪಾ. ಸುಮ್ನೆ ಯಾಕೆ ಒದೆ ತಿಂತೀಯಾ?"

"ಯಾವಾಗ್ಲೂ ಊರಿದ್ರೆ ಕೆಲಸದಿಂದ ತೆಗೀತಾರೆ, ಅಮ್ಮಾ."

ಉತ್ತರದ ಸರೋವರದ ದಂಡೆಯ ಒಂದು ಊರಿನ ತಂಡದಲ್ಲಿ ಅವನು ಐದು ಸೀಸನ್ ಉಳಿದ. ಈ ತುದಿಯಿಂದ ಆ ತುದಿಯವರೆಗೆ ಓಡಿ ಗೆದ್ದದ್ದು ಎರಡೇ ಸಲ. ಆ ಎರಡನ್ನೂ ಟ್ಯಾಲೋ ಬೆಂಡಿನ ಜನ ಇನ್ನೂರಾಗಿ ಮಾಡಿಕೊಂಡು ಹೇಳುತ್ತಿದ್ದರು. ಉಳಿದ ದಿನವೆಲ್ಲ ಅವನ ಕೆಲಸ ಇಪ್ಪತ್ತು ಗಜ ಓಡಿ ಬೀಳುವುದು, ಎದ್ದು ಹುಲ್ಲು ಕೊಡವಿಕೊಂಡು ಬೆಂಚಿಗೆ ಹೋಗಿ ಕೂರುವುದು. ಮುಂದೆ ಆಡುವ ದೊಡ್ಡ ಆಟಗಾರರ ಹೆಸರು ಹಿಡಿದು ಕೂಗುವವರಿದ್ದರು. ಇವನ ಹೆಸರು ಅವನು ಚೆಂಡು ಕೈಬಿಟ್ಟ ದಿನ ಮಾತ್ರ ಕೇಳಿಸುತ್ತಿತ್ತು. ಪ್ರತಿ ಜುಲೈಗೆ ತರಬೇತಿ ಶುರುವಾದಾಗ ಇವನಿಗಿಂತ ಚುರುಕಾದವರು ಇಬ್ಬರೋ ಮೂವರೋ ಬಂದು ಇವನ ಜಾಗದಲ್ಲಿ ನಿಂತು ನೋಡುತ್ತಿದ್ದರು. ಊರಿಗೆ ಫೋನ್ ಮಾಡಿದಾಗೆಲ್ಲ ಅವನು ಮೊದಲು ಹೇಳುತ್ತಿದ್ದ ಮಾತು, "ಇನ್ನೂ ಇದೀನಿ ಕಣೇ" ಎಂಬುದು.

*

ಚರ್ಚಿನ ಹಿಂದಿನ ಊಟದ ಮನೆಯಲ್ಲಿ ಹೆಂಗಸರು ಕೋಳಿ, ಸೊಪ್ಪು, ಜೋಳದ ರೊಟ್ಟಿ, ಕೇಕುಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ಹೆಣ ಬರುವ ಮುಂಚೆ ಯಾರೂ ಮುಟ್ಟಬಾರದು ಎಂಬುದು ನಿಯಮ. ಕ್ಷೌರದ ಅಂಗಡಿಯ ರಾಸ್ಕೋ ಆಗಲೇ ಒಂದು ಕೋಳಿ ತೊಡೆ ಕೈಯಲ್ಲಿ ಹಿಡಿದು ಕೂತಿದ್ದ.

"ನಮ್ಮನೆ ನಾಯಿ ಪೋಸ್ಟ್‌ಮ್ಯಾನನ್ನ ಕಚ್ಚಿದೆ, ಪಾದ್ರಿಗಳನ್ನ ಕಚ್ಚಿದೆ, ನನ್ನ ಅತ್ತೆನೂ ಕಚ್ಚಿದೆ," ಎನ್ನುತ್ತಿದ್ದ. "ಕ್ಲಿಯೋನ ಮಾತ್ರ ಕಚ್ಚೋಕೆ ಆಗ್ಲಿಲ್ಲ. ಕುಂಟು ಕಾಲಲ್ಲೇ ಬಂದು ನೀರಿನ ಮೀಟರ್ ನೋಡ್ಕೊಂಡು ಹೋಗ್ತಿದ್ದ. ನಾಯಿ ಈ ಕಡೆ ಹಾರೋ ಹೊತ್ತಿಗೆ ಅವನು ಆ ಕಡೆ ಇರ್ತಿದ್ದ."

"ನಿನ್ನ ಅತ್ತೆನ ಕಚ್ಚಿದ ನಾಯಿಗೆ ಆಮೇಲೆ ಏನಾಯ್ತು, ಅದು ಹೇಳು," ಎಂದರು ಯಾರೋ.

"ಆ ನಾಯಿಗೆ ಹುಷಾರಿಲ್ದೇ ಹೋಯ್ತು."

ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ವರ್ನೀಸ್ ಕೂಡ ನಕ್ಕಳು. ಊರಿನ ನೀರಿನ ಇಲಾಖೆಯಲ್ಲಿ ಮನೆ ಮನೆ ತಿರುಗಿ ಮೀಟರ್ ಓದಿದ ಕ್ಲಿಯೋನೇ ಇವರಿಗೆಲ್ಲ ಗೊತ್ತಿದ್ದವನು. ಅವನ ಆಟವನ್ನು ಕಣ್ಣಾರೆ ಕಂಡವರು ಇಲ್ಲಿ ಯಾರೂ ಇರಲಿಲ್ಲ, ಅವಳೊಬ್ಬಳನ್ನು ಬಿಟ್ಟರೆ. ಅವಳೂ ಕಂಡದ್ದು ಒಂದೇ ಸಲ.

"ಆ ಟಿಬ್ಸ್ ಅವತ್ತು ಬಾಯಿ ಮುಚ್ಕೊಂಡಿದ್ದಿದ್ರೆ ನಮ್ಮ ಕ್ಲಿಯೋ ಇನ್ನೂ ಐದು ವರ್ಷ ಆಡ್ತಿದ್ದ," ಎಂದ ರಾಸ್ಕೋ, ಮೂಳೆ ಕೆಳಗಿಡುತ್ತಾ. "ಎದುರಿಗೆ ಜನ ನುಗ್ಗಿ ಬರ್ತಿರೋವಾಗ 'ಹೋಗು' ಅಂದ್ನಲ್ಲ ಆ ಪುಣ್ಯಾತ್ಮ. ಈಗ ಕೇಳಿದ್ರೆ ಅವನೇ ಪೆಟ್ಟಿಗೆ ಮುಂದೆ ನಡೀತಾನಂತೆ."

ಒಡೆಸ್ಸಾ ಆಗಲೇ ಸುದ್ದಿ ಹಬ್ಬಿಸಿದ್ದಾಳೆ ಎಂದು ವರ್ನೀಸ್‌ಗೆ ಗೊತ್ತಾಯಿತು.

ಆ ಹೊತ್ತಿಗೆ ಬ್ಯೂಫರ್ಡ್ ಒಳಗೆ ಬಂದ. ಬಂದ ಎನ್ನುವುದಕ್ಕಿಂತ ಬಾಗಿಲ ಬೆಳಕನ್ನೆಲ್ಲ ಮುಚ್ಚಿ ನಿಂತ ಎನ್ನಬೇಕು. ಎರಡು ಕೈಯಲ್ಲೂ ಊರುಗೋಲು, ಸೊಂಟಕ್ಕೆ ಪಟ್ಟಿ. ಟೆಕ್ಸಸ್‌ನಿಂದ ಹೆಂಡತಿ ಕಾರು ಓಡಿಸಿಕೊಂಡು ಕರೆತಂದಿದ್ದಳು. ಕ್ಲಿಯೋನ ಮುಂದೆ ಕೈ ಕೈ ಹಿಡಿದು ಓಡುತ್ತಿದ್ದ ನಾಲ್ವರಲ್ಲಿ ಉಳಿದಿರುವವನು ಇವನೊಬ್ಬನೇ. ಕುರ್ಚಿಗಳನ್ನು ಒಮ್ಮೆ ನೋಡಿ, ನಂಬಿಕೆ ಬಾರದೆ, ಗೋಡೆಗಂಟಿದ ಬೆಂಚಿನ ಮೇಲೆ ಕೂತ.

"ಯಾರು ಹೋಗು ಅಂದಿದ್ದು?" ಎಂದು ಕೇಳಿದ. ಅವನ ಮೆಲುದನಿ ಕೂಡ ಇಡೀ ಕೋಣೆಗೆ ಕೇಳುವಂಥದ್ದು.

"ಟಿಬ್ಸ್. ಲಾಂಜೆಲ್ ಟಿಬ್ಸ್."

"ಏನು ಮಾತಾಡ್ತಿದೀಯಾ ಮಾರಾಯಾ? ನಾನು ಅಲ್ಲೇ ಇದ್ದೆ. ಚೆಂಡು ಕ್ಲಿಯೋ ಕೈಗೆ ಬೀಳೋವರೆಗೂ ನಾವು ಹಿಂದೆ ತಿರುಗಿ ಅವನನ್ನೇ ನೋಡ್ತಿರ್ತೀವಿ, ಆಮೇಲೆ ಮುಂದಕ್ಕೆ ಓಡೋದು. ಲಾಂಜೆಲ್ ಎರಡೂ ಕೈ ಬಟ್ಟೆ ಹರವೋ ಹಗ್ಗದ ಥರ ಚಾಚಿ ನಿಂತಿದ್ದ. ನಿಲ್ಲು, ನಿಲ್ಲು ಅಂತ ಕಿರುಚಿದ್ದು ನಂಗೆ ಕೇಳಿಸ್ತು. ಕ್ಲಿಯೋಗೆ ಅಷ್ಟು ಹತ್ರದಲ್ಲಿ ಕೇಳಿಸ್ದೇ ಇರುತ್ತಾ? ಸೀದಾ ಅವನ ಕೈ ಕೆಳಗೇ ನುಗ್ಗಿ ಹೊರಟುಬಿಟ್ಟ. ಆಮೇಲೆ ಕೋಚ್ ಕೇಳಿದಾಗ ಲಾಂಜೆಲ್ 'ನಾನೇ ಹೋಗು ಅಂದೆ' ಅಂದ. ಅವರಿಬ್ಬರ ವ್ಯವಹಾರ ಅಂತ ನಾವು ಸುಮ್ಮನಾದ್ವಿ. ಎರಡು ದಿನಕ್ಕೆ ಲಾಂಜೆಲ್‌ನ ಗಂಟುಮೂಟೆ ಕಟ್ಟಿಸಿ ಕಳಿಸಿದ್ರು."

ಬ್ಯೂಫರ್ಡ್ ಸುತ್ತ ನೋಡಿದ. ಬಾಗಿಲ ಹತ್ತಿರ ಕಪ್ಪು ಟೋಪಿಯ ಹೆಂಗಸು ಕಣ್ಣಿಗೆ ಬಿದ್ದಳು.

"ಸಿಸ್ಟರ್," ಎಂದ ತಡವರಿಸುತ್ತಾ. "ನಿಮಗಿದು ಗೊತ್ತು ಅಂದ್ಕೊಂಡಿದ್ದೆ."

"ಇಲ್ಲ. ಗೊತ್ತಿರ್ಲಿಲ್ಲ," ಎಂದಳು ವರ್ನೀಸ್. "ನಿಲ್ಲು ಅಂದಮೇಲೂ ಅವನು ಯಾಕೆ ಹೋದ?"

"ಅದು ಇವತ್ತಿಗೂ ನಂಗೆ ಗೊತ್ತಿಲ್ಲ. ಲಾಂಜೆಲ್ ನಿಲ್ಲು ಅಂದು ಕ್ಲಿಯೋ ನಿಲ್ಲದೇ ಇದ್ದದ್ದು ಅದೊಂದೇ ಸಲ."

*

ಅದು ಡಿಸೆಂಬರ್ ತಿಂಗಳು. ವರ್ನೀಸ್ ಬಸ್ಸಿನಲ್ಲಿ ಒಂದು ರಾತ್ರಿ ಒಂದು ಹಗಲು ಕೂತು ಕ್ಲಿಯೋ ಆಡುತ್ತಿದ್ದ ಆ ಊರಿಗೆ ಹೋಗಿದ್ದಳು. ಐದು ವರ್ಷದಲ್ಲಿ ಮೊದಲ ಸಲ. ಶಾಲೆಯ ಅಡುಗೆಮನೆಯ ಕೆಲಸಕ್ಕೆ ರಜೆ ಹಾಕಿ, ಒಡೆಸ್ಸಾಳ ಕೋಟು ಎರವಲು ಪಡೆದು ಹೋಗಿದ್ದಳು. ಆ ಕೋಟು ಅಲ್ಲಿನ ಗಾಳಿಗೆ ಸೊಳ್ಳೆಪರದೆಗಿಂತ ಹೆಚ್ಚಿನದೇನೂ ಆಗಿರಲಿಲ್ಲ.

ಸೀಟು ಮೇಲೆ, ತೀರಾ ಮೇಲೆ ಇತ್ತು. ಪಕ್ಕದಲ್ಲಿ ಕೂತಿದ್ದ ಕೆಂಪು ಮೂಗಿನ ಮನುಷ್ಯ, ಇವಳ ಗಂಡ ಯಾರೆಂದು ಕೇಳಿ ತಿಳಿದುಕೊಂಡ. ಮೊದಲ ಸಲ ಚೆಂಡು ಬಂತು. ಕ್ಲಿಯೋ ಮಂಡಿ ಊರಿದ. ಎರಡನೇ ಸಲವೂ ಊರಿದ. "ನಿಮ್ಮ ಯಜಮಾನರು ಬಹಳ ದೈವಭಕ್ತರು ಅಂತ ಕಾಣುತ್ತೆ," ಎಂದು ಆ ಮನುಷ್ಯ ನಕ್ಕ. ಅವಳಿಗೆ ಮೈಯೆಲ್ಲ ಉರಿಯಿತು. ಮೂರನೇ ಸಲ ಚೆಂಡು ಮೇಲೆ ಹೋದಾಗ ಅವಳು ಎದ್ದು ನಿಂತಳು. ಕ್ಲಿಯೋ ಓಡಿದ್ದನ್ನು ಕಂಡಳು. ನಾಲ್ಕೈದು ಹೆಜ್ಜೆ ಅಷ್ಟೇ, ಆದರೆ ಎಂಥ ಓಟ ಅದು. ಇವನು ನನ್ನ ಗಂಡ ಎಂದು ಆ ಕೆಂಪು ಮೂಗಿನವನಿಗೆ ಹೇಳಲು ತಿರುಗಿದಳು. ಮತ್ತೆ ಮೈದಾನದ ಕಡೆ ನೋಡುವಷ್ಟರಲ್ಲಿ ಕ್ಲಿಯೋ ಬಿದ್ದಿದ್ದ, ಮತ್ತೆ ಏಳಲಿಲ್ಲ. ಅವನ ಪಕ್ಕದಲ್ಲಿ ಒಬ್ಬನು ಮೊಣಕಾಲೂರಿ ಅವನ ಬಾಯಿಗೆ ಕಿವಿ ಕೊಟ್ಟು ಕೂತಿದ್ದ.

ಇಷ್ಟನ್ನು ಅವಳು ಸಾವಿರ ಸಲ ನೆನೆದಿದ್ದಳು. ಈಗ ಊಟದ ಮನೆಯ ಬಾಗಿಲಲ್ಲಿ ನಿಂತಾಗ ಅದಕ್ಕೂ ಹಿಂದಿನದು, ಒಮ್ಮೆಯೂ ನೆನೆಯದ್ದು, ತಾನಾಗಿ ಬಂತು.

ಅವತ್ತು ಬೆಳಿಗ್ಗೆ ಅವನ ಬಾಡಿಗೆ ಕೋಣೆಯಲ್ಲಿ ಅವಳು ಊರಿಂದ ತಂದ ಜೋಳದ ನುಚ್ಚಿನ ಗಂಜಿ ಕಾಯಿಸಿ ಬಡಿಸಿದ್ದಳು. ಅವನು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಇವತ್ತು ಗಾಳಿ ನಮಗೆ ಎದುರು, ಒದ್ದದ್ದೆಲ್ಲ ದೂರ ಬಂದು ಬೀಳುತ್ತೆ, ಬರೀ ಮಂಡಿ ಊರೋದೇ ಆಗಬಹುದು ಎಂದ. ಅವಳು ಸೌಟು ಎತ್ತಿ ತೋರಿಸುತ್ತಾ ಅಂದಿದ್ದಳು:

"ನೋಡು ಕ್ಲಿಯೋ, ಒಂದು ಹಗಲು ಒಂದು ರಾತ್ರಿ ಬಸ್ಸಲ್ಲಿ ಕೂತು ಬಂದಿರೋದು ನೀನು ಮಂಡಿ ಊರೋದು ನೋಡೋಕಲ್ಲ. ಅದನ್ನ ಊರ ಚರ್ಚಲ್ಲೇ ನೋಡ್ತೀನಿ. ನನ್ನೆದುರಿಗೆ ಓಡು."

ತಮಾಷೆಗೆ ಅಂದದ್ದು. ಅವನೂ ನಕ್ಕಿದ್ದ.

*

ಹೆಣದ ಗಾಡಿ ಚರ್ಚಿನ ಪಕ್ಕದ ಅಂಗಳಕ್ಕೆ ಬಂದು ನಿಂತಿತ್ತು. ಅದರ ಹಿಂದೆ ಸ್ವಲ್ಪ ದೂರದಲ್ಲಿ, ಜನರಿಂದ ಬೇರೆಯಾಗಿ, ಒಬ್ಬ ತೆಳ್ಳನೆಯ ಮುದುಕ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ವರ್ನೀಸ್ ಸೀದಾ ಅವನ ಹತ್ತಿರ ಹೋದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಮುಂದೆ ನಡೀಲೇಬೇಕು ಅಂತ ನಾನೇನೂ ಬಂದಿಲ್ಲ, ತಾಯಿ," ಎಂದ. "ಅವನು ಕೇಳಿದ್ದ, ಬಂದೆ. ನೀವು ಬೇಡ ಅಂದ್ರೆ ಇಲ್ಲಿಂದಲೇ ಕೈಮುಗಿದು ಹೋಗ್ತೀನಿ."

"ಅವತ್ತು ನೀನು ಅವನಿಗೆ ಏನಂದೆ?"

"ಹೋಗು ಅಂದೆ. ಎದುರಿಗೆ ಜಾಗ ಇದೆ ಅಂದ್ಕೊಂಡೆ. ನನ್ನದೇ ತಪ್ಪು, ತಾಯಿ."

ಬಾಯಿಪಾಠದ ಹಾಗೆ, ಒಂದು ಕಡೆಯೂ ತಡೆಯದೆ ಹೇಳಿದ.

"ಆಗ ನಿನ್ನ ಕೈ ಎಲ್ಲಿತ್ತು?"

"ಯಾವ ಕೈ?"

"ನಿನ್ನವೇ ಎರಡು ಕೈ, ಲಾಂಜೆಲ್."

ಅವನು ಊಟದ ಮನೆಯ ಕಡೆ ನೋಡಿದ. "ಬ್ಯೂಫರ್ಡ್ ಬಂದಿದಾನಾ?"

"ಬಂದಿದಾನೆ."

"ಅವನ ಬಾಯಿಗೆ ಮೊದಲಿಂದಲೂ ಬಾಗಿಲಿಲ್ಲ. ತಲೆಗೆ ಬಿದ್ದ ಏಟೂ ಒಂದೆರಡಲ್ಲ ಅವನಿಗೆ. ಅವನ ಮಾತು ನಂಬಬೇಡಿ."

"ಅವತ್ತು ಬೆಳಿಗ್ಗೆ ನಾನೇ ಹೇಳಿದ್ದೆ," ಎಂದಳು ವರ್ನೀಸ್. "ನನ್ನೆದುರಿಗೆ ಮಂಡಿ ಊರಬೇಡ, ಓಡು ಅಂತ."

ಲಾಂಜೆಲ್ ಟೋಪಿಯ ಅಂಚನ್ನು ಬೆರಳಿನಲ್ಲಿ ಸುತ್ತ ತಿರುಗಿಸಿದ. ಅವನ ಮುಖ ಇಳಿದುಹೋಯಿತು.

"ಆ ಮಾತು ನಿಮಗೆ ನೆನಪಾಗಬಾರದು ಅಂತಲೇ ಅಲ್ವಾ ತಾಯಿ ಅವನು ಇಷ್ಟೆಲ್ಲಾ ಮಾಡಿದ್ದು," ಎಂದ. "ಮಣ್ಣಾಗೋಕೆ ಒಂದು ಗಳಿಗೆ ಇದೆ ಅನ್ನೋವಾಗ ಬಂದು ಕೆಡಿಸಿದ, ಆ ದಡಿಯ."

"ಪೂರಾ ಹೇಳು."

"ಹೇಳೋಕೆ ಜಾಸ್ತಿ ಏನಿಲ್ಲ. ನಾನು ಹತ್ರ ಹೋದಾಗ ಅವನ ಕಾಲು ಹಿಂದು ಮುಂದಾಗಿತ್ತು. ನನ್ನ ಅಂಗಿ ಹಿಡ್ಕೊಂಡು, ನೀನೇ 'ಹೋಗು' ಅಂದೆ ಅಂತ ಎಲ್ಲರಿಗೂ ಹೇಳು, ವರ್ನೀಸ್ ಮೇಲೆ ಕೂತಿದಾಳೆ, ಅವಳಿಗೆ ಗೊತ್ತಾದ್ರೆ ಬದುಕಿರೋವರೆಗೂ ಅವಳಿಗೆ ನೆಮ್ಮದಿ ಇರಲ್ಲ ಅಂದ. ಆಗಲಿ ಅಂದೆ. ಒಂದು ಮಾತು ತಾನೇ ಅಂದ್ಕೊಂಡೆ. ನನ್ನ ಕಳಿಸಿಬಿಡ್ತಾರೆ ಅಂತ ಅವನಿಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ."

"ಕಳಿಸಿದ ಮೇಲಾದ್ರೂ ನಿಜ ಹೇಳಬಹುದಿತ್ತು."

"ಹೇಳಿದ್ರೆ? ನನ್ನ ಕೆಲಸ ವಾಪಸ್ ಬರ್ತಿರ್ಲಿಲ್ಲ. ನಿಮ್ಮ ನಿದ್ದೆ ಮಾತ್ರ ಹೋಗ್ತಿತ್ತು."

"ನನ್ನ ಬಾಗಿಲಿಗೆ ಬಂದಿದ್ದೆಯಲ್ಲ, ಪೆಕಾನ್ ತಗೊಂಡು. ನಾಯಿ ಓಡಿಸಿದ ಹಾಗೆ ಓಡಿಸಿದೆ ನಿನ್ನ. ಅವನು ಒಳಗೇ ಇದ್ದ ಅವತ್ತು."

"ಗೊತ್ತು. ಬೂಟು ಕಾಣ್ತಿತ್ತು."

"ಸಿಟ್ಟು ಬರ್ಲಿಲ್ವಾ ನಿಂಗೆ?"

"ಬರದೇ ಏನು? ಮುಂದಿನ ಶನಿವಾರ ಪೂರ್ತಿ ಅವನ ಹತ್ರ ಮಾತಾಡ್ಲಿಲ್ಲ. ಪಕ್ಕದಲ್ಲಿ ಕೂತು ಮೀನು ಮಾತ್ರ ಹಿಡಿದೆ."

ವರ್ನೀಸ್ ಅವನನ್ನೇ ನೋಡಿದಳು. ಪ್ರತಿ ಶನಿವಾರ ಕ್ಲಿಯೋ ಒಬ್ಬನೇ ಹಳೇ ನದಿಯ ಮಡುವಿಗೆ ಹೋಗುತ್ತಿದ್ದ. ಸಂಜೆ ಹೊತ್ತಿಗೆ ಮೀನು ಸೀಳಿ, ಸಿಪ್ಪೆ ತೆಗೆದು, ಮುಳ್ಳೊಂದೂ ಉಳಿಯದ ಹಾಗೆ ಸೋಸಿ ಎಲೆಯಲ್ಲಿ ಸುತ್ತಿ ತರುತ್ತಿದ್ದ. ಮನೆಯಲ್ಲಿ ಒಂದು ಈರುಳ್ಳಿ ಹೆಚ್ಚಲು ಬಾರದವನು.

"ಆ ಮೀನು ಸೋಸ್ತಿದ್ದೋನು ನೀನಾ?"

"ಅವನ ಕೈಗೆ ಚಾಕು ಕೊಟ್ರೆ ಮೀನಿಗಿಂತ ಮುಂಚೆ ಬೆರಳು ಹೋಗ್ತಿತ್ತು, ತಾಯಿ."

"ಇಷ್ಟು ವರ್ಷ ಅವನನ್ನ ಹೊಗಳಿದೀನಿ ನಾನು. ಊರೆಲ್ಲಾ ಹೇಳ್ಕೊಂಡು ತಿರುಗಿದೀನಿ, ನನ್ನ ಗಂಡನ ಹಾಗೆ ಮೀನು ಸೋಸೋರಿಲ್ಲ ಅಂತ. ಹೊಗಳಿಸ್ಕೊಂಡು ಕೂತಿರ್ತಿದ್ದ, ಕಳ್ಳ."

ಅವಳಿಗೆ ನಗು ಬಂತು, ನಗುತ್ತಿರುವಾಗಲೇ ಅಳು ಬಂತು. ಪೆಟ್ಟಿಗೆಯಲ್ಲಿರುವವನನ್ನು ಎಬ್ಬಿಸಿ ಎರಡು ಬಾರಿಸಬೇಕೆನ್ನಿಸಿತು. ಅವಳ ಒಂದು ತಮಾಷೆಯ ಮಾತಿಗೆ ಕಾಲು ಕೊಟ್ಟು, ಅದು ಅವಳಿಗೆ ತಿಳಿಯದಿರಲೆಂದು ಗೆಳೆಯನನ್ನೂ ಬಲಿ ಕೊಟ್ಟು, ಆಮೇಲೆ ಇಷ್ಟು ವರ್ಷ ಕುಂಟುತ್ತಾ ಹೋಗಿ ಬರುತ್ತಾ ಇದ್ದನಲ್ಲ. ಅವನ ಮೇಲೆ ಇಷ್ಟು ಪ್ರೀತಿ ಅವನು ಬದುಕಿದ್ದಾಗಲೂ ಬಂದಿರಲಿಲ್ಲ, ಇಷ್ಟು ಸಿಟ್ಟೂ ಬಂದಿರಲಿಲ್ಲ.

ಪೆಟವೇ ಬಂದು ದೂರದಲ್ಲಿ ನಿಂತು ಕೆಮ್ಮಿದ. ಹೊತ್ತಾಗಿತ್ತು.

"ಒಂದು ಮಾತು, ತಾಯಿ," ಎಂದ ಲಾಂಜೆಲ್ ಆತುರದಿಂದ. "ಬ್ಯೂಫರ್ಡ್ ಏನೋ ಒದರಿದ, ಬಿಡಿ. ಅವನಿಗೆ ಮರೆವು ಅಂದ್ರೆ ಮುಗೀತು. ನೀವು ಏನೂ ಹೇಳೋಕೆ ಹೋಗಬೇಡಿ. ನಂಗೆ ಈ ಊರ ಮಾತು ಅಭ್ಯಾಸ ಆಗಿದೆ. ನಿಮಗೆ ಆಗಿಲ್ಲ. ಅವನು ಕಷ್ಟಪಟ್ಟು ಮಾಡಿದ್ದನ್ನ ಕೆಡಿಸಬೇಡಿ."

ವರ್ನೀಸ್ ಟೋಪಿ ಸರಿಮಾಡಿಕೊಂಡು, "ಬಾ," ಎಂದಳು.

*

ಆರು ಜನ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಮೆಟ್ಟಿಲ ಕೆಳಗೆ ನಿಂತಿದ್ದರು. ಒಳಗೆ ಹಾಡು ಶುರುವಾಗಿತ್ತು. ಊಟದ ಮನೆಯಲ್ಲಿ ಬ್ಯೂಫರ್ಡ್ ಹೇಳಿದ್ದು ಕೆಲವರ ಕಿವಿಗೆ ಬಿದ್ದಿತ್ತು, ಹಲವರ ಕಿವಿಗೆ ಬಿದ್ದಿರಲಿಲ್ಲ; ಬಿದ್ದವರು ಯಾವುದನ್ನು ನಂಬಬೇಕೆಂದು ತಿಳಿಯದೆ ಕುತ್ತಿಗೆ ಉದ್ದ ಮಾಡಿ ಬಾಗಿಲ ಕಡೆ ನೋಡುತ್ತಿದ್ದರು. ರಾಸ್ಕೋ ಅಂಗಿಗೆ ಕೈ ಒರೆಸಿಕೊಂಡು ಬಾಗಿಲಿಗೇ ಬಂದ. ಅವನು ಚರ್ಚಿನ ಹಿರಿಯ; ಯಾರು ಎಲ್ಲಿ ಕೂರಬೇಕೆಂದು ತೋರಿಸುವವನು.

"ಸಿಸ್ಟರ್ ವರ್ನೀಸ್, ಈ ಮನುಷ್ಯ ಮುಂದೆ ನಡೀತಾನಾ?"

ಪೆಟವೇ ಅವಳ ಮುಖ ನೋಡಿದ. ಒಡೆಸ್ಸಾ, ಬೇಡ ಅನ್ನು ಎಂಬಂತೆ ತಲೆಯಾಡಿಸಿದಳು. ಲಾಂಜೆಲ್ ನೆಲ ನೋಡುತ್ತಿದ್ದ. ಸುಮ್ಮನಿದ್ದುಬಿಡಬಹುದಿತ್ತು. ಗಂಡನ ಆಸೆ, ನಡೀಲಿ ಬಿಡಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ವಿಧವೆ ಎಷ್ಟು ದೊಡ್ಡ ಮನಸ್ಸಿನವಳು ಎಂದು ಊರು ಅವಳನ್ನೇ ಹೊಗಳುತ್ತಿತ್ತು.

"ನಡೀತಾನೆ," ಎಂದಳು. ಒಳಗಿನ ಹಾಡಿಗಿಂತ ಮೇಲಿನ ದನಿಯಲ್ಲಿ ಹೇಳಿದಳು. "ಅವತ್ತು ಇವನು ನಿಲ್ಲು ಅಂದಿದ್ದ. ಕಿರುಚಿ ಹೇಳಿದ್ದ. ಓಡು ಅಂದೋಳು ನಾನು. ಬೆಳಿಗ್ಗೆ ಗಂಜಿ ಬಡಿಸ್ತಾ ಅಂದಿದ್ದೆ. ನನ್ನ ಮಾತಿಗೆ ಕ್ಲಿಯೋ ಓಡಿದ. ಇನ್ಮೇಲೆ ಯಾರಿಗಾದ್ರೂ ಆ ಕತೆ ಹೇಳೋದಾದ್ರೆ ಹೀಗೆ ಹೇಳು, ರಾಸ್ಕೋ."

ಬಾಗಿಲ ಹತ್ತಿರದ ಬೆಂಚುಗಳಲ್ಲಿ ಹಾಡು ನಿಂತಿತು. ಮುಂದಿನ ಸಾಲುಗಳಿಗೆ ಏನೂ ಗೊತ್ತಾಗದೆ ಅವರು ಹಾಡುತ್ತಲೇ ಇದ್ದರು. ರಾಸ್ಕೋ ಪಕ್ಕಕ್ಕೆ ಸರಿದ.

ಲಾಂಜೆಲ್ ತನ್ನ ಜಾಗಕ್ಕೆ ಹೋಗಿ ನಿಂತ, ಪೆಟ್ಟಿಗೆಯ ಮುಂದೆ. ವರ್ನೀಸ್ ಪೆಟ್ಟಿಗೆಯ ಹಿಂದೆ ಹೋಗಲಿಲ್ಲ. ಅವನ ಪಕ್ಕಕ್ಕೇ ಬಂದು ನಿಂತಳು.

"ಮನೆಯವರು ಹಿಂದೆ ಬರಬೇಕು ಕಣೇ," ಎಂದು ಒಡೆಸ್ಸಾ ಪಿಸುಗುಟ್ಟಿದಳು. "ಮುಂದೆ ನಡಿಯೋ ವಿಧವೆಯನ್ನ ಎಲ್ಲಾದ್ರೂ ಕಂಡಿದೀಯಾ?"

"ಇಲ್ಲ," ಎಂದಳು ವರ್ನೀಸ್.

ಲಾಂಜೆಲ್ ಅವಳ ಕಡೆ ಬಾಗಿದ. "ತಾಯಿ, ಇವರೆಲ್ಲ ನಿಮ್ಮನ್ನೇ ನೋಡ್ತಿದಾರೆ."

"ನೋಡ್ಲಿ. ನೀನು ನಡಿ."

ಅವನು ನಡೆದ. ಅವಳಿಗಿಂತ ಅರ್ಧ ಹೆಜ್ಜೆ ಮುಂದೆ, ಒಂದಿಷ್ಟು ಎಡಕ್ಕೆ, ಭುಜ ಇಳಿಸಿಕೊಂಡು, ಮೈದಾನದಲ್ಲಿ ಕ್ಲಿಯೋನ ಮುಂದೆ ಓಡುತ್ತಿದ್ದ ಹಾಗೆ. ಪೆಟವೇ ನಡೆಯುವಂತೆ ಮೆಲ್ಲಗೆ ತಲೆ ತಗ್ಗಿಸಿಕೊಂಡು ನಡೆಯಲಿಲ್ಲ. ತಲೆ ಎತ್ತಿ, ಎರಡೂ ಬದಿಯ ಬೆಂಚುಗಳ ಮೇಲೆ ಕಣ್ಣಾಡಿಸುತ್ತಾ, ಯಾರು ಅಡ್ಡ ಬರುತ್ತೀರಿ ಎಂದು ಕೇಳುವವನಂತೆ ಹೆಜ್ಜೆ ಇಟ್ಟ. ಅವರಿಬ್ಬರ ಹಿಂದೆ ಪೆಟ್ಟಿಗೆ ಬಂತು. ನಡುದಾರಿಗೆ ಚಾಚಿಕೊಂಡಿದ್ದ ಕಾಲುಗಳು, ಊರುಗೋಲುಗಳು, ಹೆಂಗಸರ ಕೈಚೀಲಗಳು ಸಾಲು ಸಾಲಾಗಿ ಬೆಂಚಿನ ಕೆಳಗೆ ಸರಿದುಕೊಂಡವು.